ಗವಿಸಿದ್ಧ ಭೂಮಿಯ ನೆತ್ತಿಗೆ ಹೋಗಿ ಬಂದದ್ದು

ಬಿಸಿಲದಿನ್ನಿಯ ಗವಿಸಿದ್ಧ ಒಂದೇ ಹಗಲಿನಲ್ಲಿ ಭೂಮಿಯ ನೆತ್ತಿಯ ತನಕ ನಡೆದು, ಅಲ್ಲೇ ಬುತ್ತಿ ಬಿಚ್ಚಿ ಉಂಡು, ಸಂಜೆ ದೀಪ ಹಚ್ಚುವ ಮೊದಲೇ ಆಶ್ರಮಕ್ಕೆ ವಾಪಸಾದ.

ನಂಬುವುದಿಲ್ಲವೇ? ನಂಬಬೇಡಿ. ಬಿಸಿಲದಿನ್ನಿಯಲ್ಲೂ ಮೊದಲು ಯಾರೂ ನಂಬಲಿಲ್ಲ. ಕಟ್ಟೆಯ ಮೇಲೆ ಕೂತವರು ತೊಡೆ ತಟ್ಟಿಕೊಂಡು ನಕ್ಕರು. ಪೂರ್ತಿ ಕೇಳಿದ ಮೇಲೆ ನಗುವುದಿದ್ದರೆ ಧಾರಾಳ ನಗಿ. ಅರ್ಧಕ್ಕೆ ಎದ್ದು ಹೋಗುವವರ ನಗುವಿಗೆ ಇಲ್ಲಿ ಬೆಲೆಯಿಲ್ಲ.

ಬಿಸಿಲದಿನ್ನಿ ಎರೆಭೂಮಿಯ ಊರು. ಮಣ್ಣು ಕಪ್ಪು, ನೆಲ ಅಂಗೈಯ ಹಾಗೆ ಸಪಾಟು. ಊರ ಸೀಮೆಯಲ್ಲಿ ಹೆಸರು ಹಿಡಿದು ಕರೆಯುವಂಥ ಮರಗಳು ಏಳೇ ಏಳು. ಅಲ್ಲಿ ಮರ ಎಂದರೆ ವಿಳಾಸ. ಜೋಡುಬೇವಿನ ಹತ್ತಿರ ಎಡಕ್ಕೆ ಹೊರಳು ಎಂದು ಹೇಳಿದರೆ ಸಾಕು, ಪರಸ್ಥಳದವನೂ ಮನೆ ಮುಟ್ಟುತ್ತಾನೆ.

ಗವಿಸಿದ್ಧ ಅಲ್ಲಿ ಕುರಿ ಕಾಯ್ದು ಬೆಳೆದವನು. ಹಿಂಡಿನ ಮುಂದೆ ಗಂಟೆ ಕಟ್ಟಿದ ಟಗರು ನಡೆಯುತ್ತಿತ್ತು. ಟಗರಿಗಿಂತ ನಾಲ್ಕು ಹೆಜ್ಜೆ ಮುಂದೆ ಗವಿಸಿದ್ಧ ನಡೆಯುತ್ತಿದ್ದ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಊರ ಹಿರಿಯರ ಜೊತೆ ಹಿಮಾಲಯದ ಯಾತ್ರೆಗೆ ಹೋದ. ಬೆಟ್ಟದ ಏಣಿನ ಮೇಲೆ, ಎರಡು ಇಳಿಜಾರು ಕೂಡುವ ಬೆನ್ನಿನ ಮೇಲೆ, ಒಂದು ಕೊಳ, ಕೊಳದ ದಂಡೆಗೊಂದು ಲಿಂಗ. ನೋಡಿ ತಿರುಗುವ ಹೊತ್ತಿಗೆ ಮೋಡ ಇಳಿಯಿತು. ತನ್ನ ಕೈ ತನಗೆ ಕಾಣಿಸಲಿಲ್ಲ.

ಆಗ ಮುಂದೆಲ್ಲೋ ಒಂದು ಗಂಟೆ ಟಣ್ ಎಂದಿತು. ಎಲ್ಲರೂ ಆ ಸದ್ದಿನ ಹಿಂದೆ ನಡೆದರು. ಎರಡು ತಾಸು ನಡೆದ ಮೇಲೆ ಮೋಡದ ಕೆಳಗೆ ಬಂದರು, ಆಶ್ರಮದ ಬಾಗಿಲಲ್ಲೇ ನಿಂತಿದ್ದರು. ಗಂಟೆ ಹಿಡಿದವರು ಗುರುಪಾದಜ್ಜ.

ಅಜ್ಜ ಬಯಲುಸೀಮೆಯವರೇ. ಒಂದು ಕಾಲಕ್ಕೆ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ನಲವತ್ತು ವರ್ಷದ ಹಿಂದೆ ನಕಾಶೆ ಸುತ್ತಿಟ್ಟು ಇಲ್ಲಿಗೆ ಬಂದು, ದೇವದಾರು ಮರಗಳ ನಡುವೆ ಒಂದು ಗುಡಿಸಲು ಹಾಕಿದರು. ಮೋಡದ ತಿಂಗಳುಗಳಲ್ಲಿ ಯಾತ್ರಿಕರನ್ನು ಕೊಳಕ್ಕೆ ಹತ್ತಿಸಿ ಇಳಿಸುವುದೇ ಅವರ ಪೂಜೆ.

ಊರವರು ವಾಪಸು ಹೊರಟರು. ಗವಿಸಿದ್ಧ ಉಳಿದ.

"ಯಾಕ ಉಳದಿ ತಮ್ಮಾ?"

"ಆ ಗಂಟಿ ನನಗ ಬೇಕ್ರಿ ಅಜ್ಜಾರ."

ಶಾಂತಿ ಬೇಕು, ಜ್ಞಾನ ಬೇಕು ಎಂದು ಬಂದವರನ್ನು ಅಜ್ಜ ಬಹಳ ನೋಡಿದ್ದರು. ಗಂಟೆ ಬೇಕು ಎಂದವನು ಇವನೇ ಮೊದಲಿಗ.

"ತಗೊಂಡು ಏನ್ ಮಾಡ್ತಿ?"

"ಮುಂದ ನಡೀತೀನ್ರಿ. ನಾ ಹುಟ್ಟಿದ್ದ ಮುಂದ ನಡೀಲಿಕ್ಕೆ."

ಅಜ್ಜ ತಮ್ಮ ಮೊಣಕಾಲನ್ನು ಎರಡೂ ಕೈಯಿಂದ ತಿಕ್ಕಿಕೊಂಡರು.

"ಈ ಮೊಣಕಾಲು ಇನ್ನ ಬಹಳ ದಿನ ಮ್ಯಾಲ ಹತ್ತೂದಿಲ್ಲ. ಮೊದಲನೇ ಹಿಮ ಬೀಳೂದ್ರೊಳಗ ದಾರಿ ತಿಳಿದವ ಸಿಕ್ಕರ ಗಂಟಿ ಅವಂದು. ಸಿಗಲಿಲ್ಲಂದ್ರ ಹೊಳಿಗೆ ಬಿಡ್ತೀನಿ."

"ಹೊಳಿಗೆ ಯಾಕ್ರಿ? ಯಾರಿಗರ ಕೊಟ್ಟರಾತು."

"ದಾರಿ ತಿಳೀದವನ ಕೈಯಾಗ ಗಂಟಿ ಇದ್ರ, ಅದರ ಬೆನ್ನ ಹಿಂದ ಬಂದವರೆಲ್ಲ ಸಾಯ್ತಾರ."

ಆಶ್ರಮದ ಅಡಿಗೆ ನೋಡಿಕೊಳ್ಳುವವಳು ಧನಿದೇವಿ, ಆ ಕಣಿವೆಯವಳೇ. ಮೂವತ್ತು ವರ್ಷ ಅಜ್ಜನ ಮಾತು ಕೇಳಿ ಕೇಳಿ ಕನ್ನಡ ಕಲಿತಿದ್ದಳು. ಗಂಡು ಹೆಣ್ಣು ಎಲ್ಲವನ್ನೂ 'ಅದು' ಎಂದೇ ಕರೆಯುತ್ತಿದ್ದಳು. ಗವಿಸಿದ್ಧನಿಗೆ ಬೆಟ್ಟದ ಗುಟ್ಟು ಹೇಳಿದವಳು ಅವಳೇ.

"ಸಿದ್ದು, ಕೇಳು. ಏಣಿನ ಮ್ಯಾಲ ಕೊಳ. ಈ ಕಡೆ ಇಳಿದ್ರ ನಮ್ಮ ಆಶ್ರಮ. ಆ ಕಡೆ ಇಳಿದ್ರ ಬಂಡಿಗಲ್ಲು. ಆ ಬಂಡಿ ಕೆಳಗ ಏನೂ ಇಲ್ಲ, ಗಾಳಿ ಐತಿ. ಮೋಡ ಬಂದ್ರ ಎರಡೂ ಕಡೆ ಒಂದ ಥರ ಕಾಣತೈತಿ."

"ನನಗ ದಿಕ್ಕು ತಪ್ಪೂದಿಲ್ಲ ಅಕ್ಕಾ. ನಮ್ಮೂರಾಗ ಕೇಳಿ ನೋಡು."

"ನಿಮ್ಮೂರಾಗ ಮರ ಎಷ್ಟು ಐತಿ?"

"ಏಳು."

ಧನಿದೇವಿ ಸುತ್ತ ನಿಂತ ಕಾಡನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಬೇಳೆಗೆ ಉಪ್ಪು ಹಾಕಲು ಹೋದಳು.

ಎಂಟು ದಿನಕ್ಕೇ ಗವಿಸಿದ್ಧ ತನಗೆ ದಾರಿ ತಿಳಿಯಿತು ಎಂದ. ಏಣನ್ನು ಹತ್ತುವ ತಿರುವಿನಲ್ಲಿ ಒಂದು ದೊಡ್ಡ ಮರ ಗುರುತು ಮಾಡಿಕೊಂಡಿದ್ದ. ಅದಕ್ಕೊಂದು ಕೆಂಪು ದಾರ ಕಟ್ಟಿಯೂ ಬಂದಿದ್ದ. ದಾರ ಕಂಡಲ್ಲಿ ಎಡಕ್ಕೆ ಹೊರಳಿದರೆ ಆಶ್ರಮ. ಇದಕ್ಕಿಂತ ಸಲೀಸು ಇನ್ನೇನಿದೆ?

ಮೋಡ ಬಿದ್ದ ಒಂದು ಮುಂಜಾನೆ ಒಬ್ಬನೇ ಹತ್ತಿದ. ಇಳಿಯುವಾಗ ಮಬ್ಬಿನಲ್ಲಿ ಕೆಂಪು ದಾರ ಕಂಡಿತು. ಹಾಡು ಹೇಳುತ್ತಾ ಎಡಕ್ಕೆ ಹೊರಳಿದ.

ಎರಡು ದಿನ ಅವನ ಸುದ್ದಿಯಿಲ್ಲ. ಮೂರನೆಯ ದಿನ ಆಚೆ ಕಣಿವೆಯ ಕುರಿಗಾರರು ಅವನನ್ನು ಸುತ್ತು ದಾರಿಯಿಂದ ಕರೆತಂದು ಬಿಟ್ಟು ಹೋದರು. ಮೊಳಕೈ ತರಚಿತ್ತು, ಚಪ್ಪಲಿ ಒಂದೇ ಉಳಿದಿತ್ತು. ಬಂಡೆಯ ಅಂಚಿಗೆ ಹತ್ತು ಮಾರು ದೂರದಲ್ಲಿ ಸಿಕ್ಕಿದ್ದನಂತೆ.

"ಎಲ್ಲಿ ತಪ್ಪಿದಿ?" ಎಂದರು ಅಜ್ಜ.

"ನಾ ತಪ್ಪಿಲ್ರಿ. ದಾರ ತಪ್ಪೈತಿ."

ಧನಿದೇವಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ನಗು ತಡೆಯಲಾಗಲಿಲ್ಲ.

"ಅಯ್ಯೋ ಸಿದ್ದು, ಕೆಂಪು ದಾರ ನಮ್ಮ ಹೆಣ್ಣುಮಕ್ಕಳು ಎಲ್ಲಾ ಕಡೆ ಕಟ್ಟತೈತಿ. ಮಗು ಬೇಕಂದ್ರ ಕಟ್ಟತೈತಿ, ಎಮ್ಮೆ ಹಾಲು ಕೊಡಲಿ ಅಂದ್ರೂ ಕಟ್ಟತೈತಿ. ನೀ ಯಾರದೋ ಎಮ್ಮೆ ಹರಕೆ ಹಿಡಿದು ಹೋಗಿದಿ."

ಗವಿಸಿದ್ಧ ಆ ದಿನ ಊಟ ಮಾಡಲಿಲ್ಲ. ಮರುದಿನ ಎರಡು ದಿನದ್ದು ಮಾಡಿದ.

ಉಂಡು ಕೈ ತೊಳೆದವನನ್ನು ಅಜ್ಜ ಅಂಗಳಕ್ಕೆ ಕರೆದರು.

"ಈ ಮರ ಯಾಕ ಹಿಂಗ ತಲಿ ಚೂಪ ಮಾಡಿಕೊಂಡು ನಿಂತಾವ?"

"ಸೊಕ್ಕಿಗೆ."

ಅಜ್ಜ ಅವನ ಕೈ ಬಿಡಿಸಿ, ಅಂಗೈ ಮೇಲೆ ಒಲೆಯ ಬೂದಿ ಸುರಿದರು. ಬೂದಿ ಗುಡ್ಡೆಯಾಗಿ ಕೂತಿತು. ಆಮೇಲೆ ಅದೇ ಕೈಯ ಬೆರಳು ಐದನ್ನೂ ಜೋಡಿಸಿ ಮೇಲ್ಮುಖ ಚೂಪು ಮಾಡಿಸಿ ಮತ್ತೆ ಸುರಿದರು. ಬೂದಿಯೆಲ್ಲ ಜಾರಿ ನೆಲಕ್ಕೆ ಬಿತ್ತು.

"ಬೂದಿ ಅಲ್ಲ, ಹಿಮ ಅಂತ ತಿಳಿ. ಇಲ್ಲಿ ಅಗಲ ಎಲಿ ಬಿಚ್ಚಿ ನಿಂತ ಮರ ಉಳಿಯೂದಿಲ್ಲ, ಟೊಂಗಿ ಮುರಕೊಂಡು ಬೀಳತೈತಿ. ಎಲಿ ಸೂಜಿ ಮಾಡಿಕೊಂಡು, ತಲಿ ಚೂಪ ಮಾಡಿಕೊಂಡು, ಹೊರಲಾರದ್ದನ್ನ ಜಾರಿಸಿದ್ದು ಉಳಿದೈತಿ."

"ಹಂಗಾದ್ರ ನಂದೂ ಸೊಕ್ಕಲ್ರಿ ಅಜ್ಜಾರ. ಮಂದಿ ನಕ್ಕಿದ್ದು ಜಾರಿ ಹೋಗಲಿ ಅಂತ ತಲಿ ಎತ್ತೀನಿ."

ಅಜ್ಜ ನಕ್ಕರು. ಅವರು ನಕ್ಕದ್ದನ್ನು ಧನಿದೇವಿ ಆ ವರ್ಷ ಅದೇ ಮೊದಲು ಕಂಡದ್ದು.

"ನಿಮ್ಮೂರಾಗ ನಿನಗ ಎಷ್ಟು ಗೊತ್ತೈತಿ?"

ಈ ಪ್ರಶ್ನೆಗೆ ಗವಿಸಿದ್ಧ ಎದೆಯುಬ್ಬಿಸಿ ನಿಂತ.

"ಕಣ್ಣ ಕಟ್ಟಿ ಬಿಡ್ರಿ. ಎಲ್ಲಿ ಬಿಟ್ಟರೂ ಯಾವ ಓಣಿ ಅಂತ ಹೇಳತೀನಿ. ಗಾಣದ ಓಣ್ಯಾಗ ಹಿಂಡಿ ವಾಸನಿ. ಕುಂಬಾರ ಓಣ್ಯಾಗ ಪಾದಕ್ಕ ಬೂದಿ ಹತ್ತತೈತಿ. ಗಿರಣಿ ಓಣ್ಯಾಗ ಖಾರದ ಘಾಟಿಗೆ ಸೀನು ಬರ್ತಾವ. ಗೌಡ್ರ ಓಣ್ಯಾಗ ಕಲ್ಲ ಹಾಸ್ಯಾರ, ಕಾಲು ತಂಪ. ಮನಿ ನೋಡಬೇಕಂತಿಲ್ಲ. ಓಣಿ ಗೊತ್ತಾದ್ರ ಮನಿ ಗೊತ್ತಾತು."

ಅಜ್ಜ ಹೆಗಲ ಮೇಲಿನ ಶಾಲು ತೆಗೆದು ಅವನ ಕಣ್ಣಿಗೆ ಬಿಗಿದರು.

"ಇದೂ ಒಂದು ಊರ. ಓಣಿ ಹೇಳು."

ಕಲಿಕೆ ಶುರುವಾದದ್ದು ಹೀಗೆ. ಅಜ್ಜನಿಗೆ ಹತ್ತಲು ಆಗುತ್ತಿರಲಿಲ್ಲ. ಧನಿದೇವಿ ಎಮ್ಮೆ ಹಗ್ಗವನ್ನು ಗವಿಸಿದ್ಧನ ಸೊಂಟಕ್ಕೆ ಕಟ್ಟಿ ಎಳೆದೊಯ್ಯುವಳು. ಚಪ್ಪಲಿಯಿಲ್ಲದ ಪಾದ, ಕಟ್ಟಿದ ಕಣ್ಣು.

"ಎರಡು ಎಮ್ಮೆ ಇತ್ತು. ಈಗ ಮೂರು ಆತು," ಎನ್ನುವಳು. "ಇದು ಒಂದ ಹಾಲು ಕೊಡೂದಿಲ್ಲ."

ಎಲ್ಲಾದರೂ ನಿಲ್ಲಿಸಿ ಕೇಳುವಳು. "ಇದು ಯಾವ ಓಣಿ?"

ಮೊದಲ ವಾರ ಒಂದೂ ಸರಿಯಾಗಲಿಲ್ಲ. ಅವನಿಗೆ ಎಲ್ಲವೂ ದೇವದಾರು.

ನಿಧಾನವಾಗಿ ಪಾದಕ್ಕೆ ಬುದ್ಧಿ ಬಂತು.

ಹೊಳೆಯ ಮಗ್ಗುಲಿನ ಬೆಚ್ಚಗಿನ ನೆಲದಲ್ಲಿ ಚೀಡ್ ಮರ. ಅದರ ಸೂಜಿ ಗೇಣುದ್ದ, ಒಂದೊಂದು ಬುಡಕ್ಕೆ ಮೂರು ಮೂರು. ಕಾಲಿಟ್ಟರೆ ಎಣ್ಣೆ ಚೆಲ್ಲಿದ ಹಾಗೆ ಜಾರುತ್ತದೆ. ಅದರ ಮೇಲೆ ದೇವದಾರಿನ ಓಣಿ, ಆಶ್ರಮ ಇರುವುದು ಅಲ್ಲೇ. ಬೆರಳಗಂಟಿನಷ್ಟು ಗಿಡ್ಡ ಸೂಜಿ, ಗೊಂಚಲು ಗೊಂಚಲು. ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಯ ವಾಸನೆ.

ಇನ್ನೂ ಮೇಲೆ ರೈ ಮರ. ಅದರ ಸೂಜಿ ಚುಚ್ಚುತ್ತದೆ. ಎರಡು ಬೆರಳ ನಡುವೆ ಹಿಡಿದು ಹೊಸೆದರೆ ಉರುಳುತ್ತದೆ. ಅದಕ್ಕೂ ಮೇಲೆ ತೋಸ್. ಅದರದು ಚಪ್ಪಟೆ, ಹೊಸೆದರೆ ಉರುಳುವುದೇ ಇಲ್ಲ. ಪಾದದ ಕೆಳಗೆ ಹಸಿ ಪಾಚಿ.

ತೋಸ್ ಮುಗಿದ ಮೇಲೆ ಭೂರ್ಜ. ಕಾಗದದ ಹಾಗೆ ಸುಲಿಯುವ ತೊಗಟೆ. ಭೂರ್ಜ ಮುಗಿದರೆ ಇನ್ನೂರು ಹೆಜ್ಜೆ ಹುಲ್ಲು. ಆಮೇಲೆ ಏಣು.

ನಲವತ್ತನೆಯ ದಿನ ಧನಿದೇವಿ ಅವನನ್ನು ಎಂಟು ಕಡೆ ನಿಲ್ಲಿಸಿದಳು. ಎಂಟೂ ಹೇಳಿದ. ಒಂಬತ್ತನೆಯದಕ್ಕೆ ಅವಳು ಬಾಯಿ ತೆರೆಯುವ ಮೊದಲೇ ಹೇಳಿದ.

"ರೈ ಓಣಿ. ಕೆಳಗ ಹತ್ತು ಹೆಜ್ಜಿಗೆ ದೇವದಾರು ಶುರುವಾಗತೈತಿ. ನಿನ್ನ ಎಡಗಾಲಾಗ ಮುಳ್ಳು ಹೋಗೈತಿ ಅಕ್ಕಾ, ಕುಂಟಾಕತ್ತಿದಿ."

ಧನಿದೇವಿ ಹಗ್ಗ ಬಿಚ್ಚಿದಳು.

ಅಂದು ಸಂಜೆ ಗವಿಸಿದ್ಧ ಅಜ್ಜನ ಮುಂದೆ ಕೂತು ಕೇಳಿದ.

"ಅಜ್ಜಾರ, ಆಚೆ ಕಡೆನೂ ಇದ ಓಣಿ ಅದಾವೇನ್ರಿ?"

"ಆಚೆ ಕಡೆ ಬಿಸಿಲು ಬೀಳತೈತಿ. ಈ ಕಡೆ ನೆರಳು. ಬಿಸಿಲಿಗೆ ಹಿಮ ಲಗೂ ಕರಗತೈತಿ, ನೆಲ ಒಣಗತೈತಿ. ಹಂಗಾಗಿ ಅಲ್ಲಿ ತೋಸೂ ಇಲ್ಲ, ಭೂರ್ಜಾನೂ ಇಲ್ಲ. ಹುಲ್ಲು, ಹುಲ್ಲು, ಹುಲ್ಲು. ಅಲ್ಲೊಂದು ಇಲ್ಲೊಂದು ಮರ. ಆಮ್ಯಾಲ ಬಂಡಿಗಲ್ಲು."

"ಹರಕಿ ಮರ," ಎಂದಳು ಧನಿದೇವಿ ಒಲೆಯ ಹತ್ತಿರದಿಂದ. "ಎಮ್ಮೆದು."

ಗವಿಸಿದ್ಧ ಕೇಳಿಸದವನ ಹಾಗೆ ಕೂತ.

"ಈ ಹಿಮಾಲಯ ದಾಟಿ, ಇನ್ನೂ ಉತ್ತರಕ್ಕ ಹೋದ್ರ ಏನೈತ್ರಿ?"

ಹಳೆಯ ಮೇಷ್ಟ್ರು ಎದ್ದು ಕೂತರು. ಧನಿದೇವಿಯ ಮುಂದಿದ್ದ ಹಿಟ್ಟಿನ ಉಂಡೆಯೊಂದನ್ನು ಎತ್ತಿಕೊಂಡರು.

"ಏ, ಅದು ನಾಳೆ ರೊಟ್ಟಿ ಐತಿ."

"ಇವತ್ತು ಭೂಮಿ ಆಗಲಿ."

ಅಂಗಳದ ಸೂಜಿಗಳನ್ನು ಆಯ್ದು, ಉಂಡೆಯ ಮೇಲ್ಭಾಗದ ಸುತ್ತ ಚುಚ್ಚುತ್ತಾ ಹೋದರು. ಒಂದು ಹಸಿರು ಬಳೆಯಾಯಿತು.

"ಭೂಮಿ ತಲಿಮ್ಯಾಲ ಹಿಂಗೊಂದು ಕಾಡಿನ ಪಟ್ಟಿ ಐತಿ. ನಾರ್ವೆಯಿಂದ ರಷ್ಯಾ, ಅಲ್ಲಿಂದ ಸಮುದ್ರ ದಾಟಿ ಅಲಾಸ್ಕಾ, ಕೆನಡಾ. ಎಲ್ಲಾ ಸೂಜಿ ಎಲಿ ಮರ. ರೈ ಮರದ ಅಣ್ಣತಮ್ಮರು, ತೋಸ್ ಮರದ ಅಣ್ಣತಮ್ಮರು. ಮನುಷ್ಯಾ ತಿಂಗಳುಗಟ್ಟಲೆ ನಡೆದರೂ ಮುಗಿಯೂದಿಲ್ಲ. ಇನ್ನೂ ಮ್ಯಾಲ ಹೋದ್ರ ಭೂರ್ಜದ ಜಾತಿ, ಗಿಡ್ಡಾಗಿ, ನೆಲಕ್ಕ ಹತ್ತಿ. ಆಮ್ಯಾಲ ಮರ ಮುಗೀತು. ಬರೇ ಪಾಚಿ, ಹಿಮ. ಅದು ಭೂಮಿ ನೆತ್ತಿ."

ಗವಿಸಿದ್ಧ ಹಿಟ್ಟಿನ ಉಂಡೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಬೆಟ್ಟ ನೋಡಿದ. ಕೆಳಗಿನಿಂದ ಮೇಲಿನವರೆಗೆ ನೋಡಿದ.

"ಅಜ್ಜಾರ, ಅದ ಓಣಿ."

"ಹೂಂ."

"ಅದ ಸರದಿ. ಅಲ್ಲಿ ಅಡ್ಡ ಮಲಗೈತಿ. ಇಲ್ಲಿ ಎದ್ದು ನಿಂತೈತಿ."

ಅಜ್ಜ ಹಿಟ್ಟಿನ ಉಂಡೆ ಕೆಳಗಿಟ್ಟರು. ನಲವತ್ತು ವರ್ಷದ ಹಿಂದೆ ಒಂದು ಶಾಲೆಯ ಕೋಣೆಯಲ್ಲಿ, ನಕಾಶೆ ತೂಗು ಹಾಕಿ ಬೆತ್ತ ಹಿಡಿದು, ಅವರು ಇದೇ ಮಾತನ್ನು ಸಾವಿರ ಮಕ್ಕಳಿಗೆ ಹೇಳಿದ್ದರು. ಒಬ್ಬನಾದರೂ ಅದನ್ನು ಅವರಿಗೇ ತಿರುಗಿ ಹೇಳಿರಲಿಲ್ಲ.

"ಹೊಳಿಯಿಂದ ಏಣಿನ ಮಟ ಹತ್ತೂದು ಎಷ್ಟು ದೂರ ಗೊತ್ತೇನು?" ಎಂದರು. "ಕಾಡಿನ ಲೆಕ್ಕದಾಗ ಎರಡು ಸಾವಿರ ಮೈಲಿ ಉತ್ತರಕ್ಕ ಹೋದಂಗ."

"ಅಂದ್ರ ಮುಂಜಾನೆದ್ದು ಹೊಂಟ್ರ ಮಧ್ಯಾಹ್ನಕ್ಕ ಭೂಮಿ ನೆತ್ತಿ."

"ನಾಳೆ ಹೋಗು. ಹೊಳಿಯಿಂದ ಶುರು ಮಾಡು. ಮರ ಮುಗಿಯೂ ಜಾಗದಾಗ ಬುತ್ತಿ ಉಣ್ಣು. ವಾಪಸ್ ಬಾ."

"ಗಂಟಿ ಒಯ್ಲೇನ್ರಿ?"

"ಬರಿಗೈಲೆ ಹೋಗು."

ಅದೇ ದಿನ ದಾವಣಗೆರೆ ಕಡೆಯ ಹನ್ನೊಂದು ಮಂದಿ ಯಾತ್ರಿಕರು ಆಶ್ರಮಕ್ಕೆ ಬಂದಿದ್ದರು. ಅವರ ಮುಂದಾಳು ತಿಪ್ಪೇಶಪ್ಪ, ಮೂರು ಲಾರಿಗಳ ಮಾಲೀಕ. ಎರಡು ದಿನ ಕಾಯಿರಿ ಎಂದು ಅಜ್ಜ ಹೇಳಿದರು.

"ಕಾಯಾಕಾಗಲ್ಲ ಸ್ವಾಮಿ, ರೈಲಿಗೆ ಟಿಕೆಟ್ ಆಗೈತೆ. ಆಕಾಶ ನೋಡ್ರಿ, ಒಂದು ಚೂರು ಮೋಡ ಇಲ್ಲ. ನಾವು ಘಾಟಿನಾಗೆ ಲಾರಿ ಓಡಿಸಿದೋರು."

ಬೆಳಕು ಹರಿಯುತ್ತಲೇ ಅವರು ಹತ್ತಿ ಹೋದರು.

ಗವಿಸಿದ್ಧ ಆ ಹೊತ್ತಿಗೆ ಹೊಳೆಯಲ್ಲಿ ಕಾಲು ತೊಳೆದು, ಬುತ್ತಿಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಹೊರಟಿದ್ದ. ಕಣ್ಣು ಬಿಟ್ಟುಕೊಂಡು ಆ ದಾರಿಯಲ್ಲಿ ನಡೆದು ಬಹಳ ದಿನವಾಗಿತ್ತು. ಆದರೂ ನೋಡುತ್ತಾ ಹೋಗಲಿಲ್ಲ. ಚೀಡ್ ಜಾರಿತು. ದೇವದಾರು ಪರಿಮಳಿಸಿತು. ರೈ ಚುಚ್ಚಿತು. ತೋಸ್ ತಣ್ಣಗಾಯಿತು. ಒಂದೊಂದು ಓಣಿ ದಾಟುವಾಗಲೂ ಒಂದೊಂದು ದೇಶ ದಾಟಿದಂತೆ ಜೋರಾಗಿ ಕೂಗಿದ.

"ರಷ್ಯಾ ಮುಗೀತು!"

ಕೇಳುವುದಕ್ಕೆ ಒಂದು ಕಾಡುಕೋಳಿ ಇತ್ತು. ಅದೂ ಹಾರಿ ಹೋಯಿತು.

ನಡು ಮಧ್ಯಾಹ್ನ ಕೊನೆಯ ಭೂರ್ಜದ ಬುಡಕ್ಕೆ ಬೆನ್ನು ಕೊಟ್ಟು ಕೂತ. ಮೇಲೆ ಮರವಿಲ್ಲ. ಬಿಸಿಲದಿನ್ನಿಯ ಕುರಿಗಾರ ಭೂಮಿಯ ನೆತ್ತಿಯ ಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಉಂಡ. ಜೋಳದ ಹಿಟ್ಟು ಊರಿಂದ ಬಂದದ್ದು. ಅಲ್ಲಿ ಕೂತು ಅದನ್ನು ಉಂಡವರು ಅವನಿಗಿಂತ ಮೊದಲು ಯಾರಾದರೂ ಇದ್ದರೆ ಹೆಸರು ಹೇಳಿ.

ಕೈ ಒರೆಸಿಕೊಳ್ಳುವಷ್ಟರಲ್ಲಿ ಮೋಡ ಬಂತು. ಬರುತ್ತಿದೆ ಎಂದು ಕಾಣಲೂ ಇಲ್ಲ. ಒಮ್ಮೆಲೇ ಇತ್ತು.

ಮೇಲಿನಿಂದ ಕೂಗು ಕೇಳಿಸಿತು. ಒಬ್ಬ ಹೆಣ್ಣುಮಗಳು ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದಳು. ಇನ್ನೊಬ್ಬರು ಅಳುತ್ತಿದ್ದರು.

ಗವಿಸಿದ್ಧ ಇನ್ನೂರು ಹೆಜ್ಜೆ ಹುಲ್ಲು ಹತ್ತಿ ಏಣು ಮುಟ್ಟಿದ. ಕೊಳದ ಸುತ್ತ ಹನ್ನೊಂದು ಮಂದಿ ಹನ್ನೊಂದು ಕಡೆ ನಿಂತಿದ್ದರು. ಒಬ್ಬೊಬ್ಬರನ್ನು ಸದ್ದಿನ ಮೇಲೆ ಹುಡುಕಿ ಕೈ ಹಿಡಿದು ತಂದು ಒಂದೆಡೆ ಸೇರಿಸಿದ. ಅಜ್ಜಿಯೊಬ್ಬಳು ನಡುಗುತ್ತಿದ್ದಳು. ತನ್ನ ಕಂಬಳಿ ಅವಳಿಗೆ ಹೊದಿಸಿದ.

"ಯಾರಪ್ಪ ನೀನು?" ಎಂದ ತಿಪ್ಪೇಶಪ್ಪ.

"ಆಶ್ರಮದಾವ. ನನ್ನ ಹಿಂದ ಬರ್ರಿ."

"ಗಂಟೆ ಎಲ್ಲೈತೆ? ಗಂಟೆ ಇರೋರು ಕರ್ಕೊಂಡು ಹೋಗ್ತಾರೆ ಅಂದಿದ್ರು."

ಗವಿಸಿದ್ಧ ಬುತ್ತಿಯ ಡಬ್ಬಿ ಕೈಗೆ ತಗೊಂಡು ಒಂದು ಕಲ್ಲಿನಿಂದ ಬಡಿದ. ಟಣ್ ಎನ್ನಲಿಲ್ಲ, ಡಬ್ ಎಂದಿತು. ಸಾಕಿತ್ತು.

ಅವನು ಮುಂದೆ, ಹನ್ನೊಂದು ಮಂದಿ ಹಿಂದೆ. ಡಬ್, ಡಬ್. ಹುಟ್ಟಿದ್ದೇ ಇದಕ್ಕೆ ಎಂದು ಅವನ ಎದೆ ಹಿಗ್ಗಿತು. ಆ ಹಿಗ್ಗಿನಲ್ಲೇ ಇಳಿದ.

ನೂರು ಹೆಜ್ಜೆ ಹುಲ್ಲು. ಇನ್ನೂರು ಹೆಜ್ಜೆ ಹುಲ್ಲು.

ಇನ್ನೂರ ಐವತ್ತು. ಹುಲ್ಲು.

ಡಬ್ಬಿಯ ಸದ್ದು ನಿಂತಿತು.

ಅವರನ್ನು ಹುಡುಕಿ ಸೇರಿಸುವ ಗಡಿಬಿಡಿಯಲ್ಲಿ ಕೊಳದ ಸುತ್ತ ಎಷ್ಟು ಸಲ ತಿರುಗಿದ್ದನೋ ಅವನಿಗೇ ಲೆಕ್ಕವಿರಲಿಲ್ಲ. ಮೊಣಕಾಲೂರಿ ಕೂತು ನೆಲ ತಡವಿದ. ಭೂರ್ಜದ ಸಿಪ್ಪೆಯಿಲ್ಲ. ಪಾಚಿಯಿಲ್ಲ. ಒಂದು ಹಿಡಿ ಮಣ್ಣೆತ್ತಿ ಹಿಸುಕಿದ. ಒಣ ಮಣ್ಣು, ಬೆರಳ ಸಂದಿಯಿಂದ ಉದುರಿತು.

ಬಿಸಿಲಿನ ಕಡೆ. ಕೆಳಗೆ ಬಂಡೆ.

"ಯಾಕೆ ನಿಂತೆ?" ಎಂದ ತಿಪ್ಪೇಶಪ್ಪ. "ಇಳಿಜಾರು ಐತಲ್ಲ, ನಡಿ. ಕೆಳಗೆ ಹೋದ್ರೆ ಊರು ಸಿಗ್ಲೇಬೇಕು."

ಜನ್ಮದಲ್ಲಿ ಆಡದ ಮಾತೊಂದನ್ನು ಗವಿಸಿದ್ಧ ಬಾಯಿಗೆ ನೂಕಿದ. ಹೊರಗೆ ಬಂತು.

"ತಪ್ಪೀನಿ. ಎಲ್ಲಾರೂ ತಿರಗ್ರಿ. ಮ್ಯಾಲ ಹತ್ತಬೇಕು."

"ಏನಂದೆ? ಮತ್ತೆ ಹತ್ತಬೇಕಾ? ಈ ಅಜ್ಜಿ ಕೈಲಿ ಆಗ್ತದಾ? ದಾರಿ ಗೊತ್ತಿಲ್ದೋನು ಯಾಕಪ್ಪ ಮುಂದೆ ಬಂದೆ?"

ಹಿಂದೆ ಯಾರೋ ಮತ್ತೆ ಅಳಲು ಶುರು ಮಾಡಿದರು. ಗವಿಸಿದ್ಧ ಎದ್ದು ನಿಂತ. ತಲೆ ತಾನಾಗಿಯೇ ಮೇಲೆದ್ದಿತು.

"ಹನ್ನೆರಡೂ ಮಂದಿ ತಪ್ಪೀವಿ ಯಜಮಾನ್ರ. ಅದು ಮೊದಲು ಗೊತ್ತಾಗಿದ್ದು ನನಗ. ಅದಕ್ಕ ನಾ ಮುಂದ ಅದೀನಿ."

ಅಜ್ಜಿಯನ್ನು ಕಂಬಳಿಯಲ್ಲಿ ಬೆನ್ನಿಗೆ ಕಟ್ಟಿಕೊಂಡ. ಹತ್ತಿದ. ತಿಪ್ಪೇಶಪ್ಪ ಒಂದು ಗಳಿಗೆ ನಿಂತು, ಆಮೇಲೆ ಡಬ್ಬಿಯ ಸದ್ದಿನ ಹಿಂದೆಯೇ ಬಂದ.

ಏಣು ಮುಟ್ಟಿದರು. ಕೊಳದ ನೀರನ್ನು ಬಲಕ್ಕೆ ಬಿಟ್ಟು ಆಚೆ ಬದಿಗೆ ಇಳಿದರು. ಹುಲ್ಲು. ನೂರ ತೊಂಬತ್ತು ಹೆಜ್ಜೆಗೆ ಪಾದಕ್ಕೆ ಕಾಗದದಂಥದ್ದು ಸಿಕ್ಕಿತು. ಎತ್ತಿ ತಿಪ್ಪೇಶಪ್ಪನ ಕೈಗೆ ಕೊಟ್ಟ.

"ಏನಿದು?"

"ಬಾಗಲಾ," ಎಂದ ಗವಿಸಿದ್ಧ.

ಅಲ್ಲಿಂದ ಮುಂದೆ ಅವನು ನಡೆಯಲಿಲ್ಲ, ಬಿಸಿಲದಿನ್ನಿಯ ಓಣಿಗಳಲ್ಲಿ ಸುತ್ತಾಡಿದ. ಹಸಿ ಪಾಚಿ, ಉರುಳದ ಸೂಜಿ, ತೋಸ್. ಉರುಳಿತು, ಚುಚ್ಚಿತು, ರೈ. ಹಿಂದಿನವರಿಗೆ ಒಂದೊಂದನ್ನೂ ಕೂಗಿ ಹೇಳಿದ. ಅವರೂ ಬಗ್ಗಿ ನೆಲ ತಡವಿ ಹೌದು ಹೌದು ಎಂದರು. ಅಳು ಎಲ್ಲೋ ನಿಂತುಹೋಗಿತ್ತು. ಬೆನ್ನ ಮೇಲಿನ ಅಜ್ಜಿ ಅವನಿಗಿಂತ ಮೊದಲು ಮೂಗೆತ್ತಿದಳು.

"ಸೀರೆ ಪೆಟ್ಟಿಗೆ ತೆಗೆದಂಗೈತಲ್ಲಪ್ಪ."

"ಆತು ಬಿಡ್ರಿ ಅಮ್ಮಾ," ಎಂದ ಗವಿಸಿದ್ಧ. "ಮನಿ ಬಂತು."

ಮೋಡದ ಕೆಳಗೆ ಇಳಿದಾಗ ಬಿಸಿಲು ಇನ್ನೂ ಇತ್ತು. ಅಂಗಳದಲ್ಲಿ ಅಜ್ಜ ಕಿವಿಗೆ ಕೈ ಹಚ್ಚಿ ನಿಂತಿದ್ದರು. ಧನಿದೇವಿ ದೊಡ್ಡ ಪಾತ್ರೆಯಲ್ಲಿ ಚಹಾ ಇಟ್ಟಿದ್ದಳು, ಹದಿನಾಲ್ಕು ಲೋಟ ಜೋಡಿಸಿದ್ದಳು. ಡಬ್ಬಿಯ ಸದ್ದು ಕೇಳಿಸಿದಾಗಲೇ ಜೋಡಿಸಿದ್ದಂತೆ.

ಅವಳು ಒಬ್ಬೊಬ್ಬರನ್ನೂ ಬೆರಳು ಮಾಡಿ ಎಣಿಸಿದಳು. ಹನ್ನೊಂದು. ಆಮೇಲೆ ಹನ್ನೆರಡನೆಯವನ ತಲೆಯ ಮೇಲೆ ಕೈಯಿಟ್ಟಳು.

"ಈ ಎಮ್ಮೆ ಹಾಲು ಕೊಟ್ಟೈತಿ," ಎಂದಳು.

ತಿಪ್ಪೇಶಪ್ಪ ಅಜ್ಜನ ಕಾಲಿಗೆ ಬಿದ್ದ. ಎದ್ದು, ಗವಿಸಿದ್ಧನ ಕಾಲಿಗೂ ಬಗ್ಗಿದ. ಗವಿಸಿದ್ಧ ಬೇಡ ಎನ್ನಲಿಲ್ಲ. ಗಳಿಸಿದ್ದನ್ನು ಬೇಡ ಎನ್ನುವುದು ಬಿಸಿಲದಿನ್ನಿಯವರಿಗೆ ಗೊತ್ತಿಲ್ಲ.

ಯಾತ್ರಿಕರು ಒಲೆಯ ಸುತ್ತ ಸ್ಥಳ ಹಿಡಿದ ಮೇಲೆ ಅಜ್ಜ ಅವನನ್ನು ಹತ್ತಿರ ಕರೆದರು.

"ಎಲ್ಲಿ ಮಟ ಹೋಗಿದ್ದಿ?"

"ಭೂಮಿ ನೆತ್ತಿ ಮಟ ಹೋಗಿದ್ದೆರಿ. ರೊಟ್ಟಿ ಉಂಡು ಬಂದೆ."

"ಎಷ್ಟು ಸಲ ತಪ್ಪಿದಿ?"

ಗವಿಸಿದ್ಧ ತನ್ನ ಪಾದ ನೋಡಿಕೊಂಡ. ಒಣ ಮಣ್ಣು, ಹಸಿ ಪಾಚಿ, ಎರಡೂ ಇನ್ನೂ ಅಂಟಿದ್ದವು.

"ಒಂದ ಸಲ."

"ಯಾರು ತಪ್ಪಿದ್ದು? ದಾರ ತಪ್ಪಿತೇನು?"

"ನಾ ತಪ್ಪಿದ್ದೆರಿ ಅಜ್ಜಾರ."

"ಹೆಂಗ ಗೊತ್ತಾತು?"

"ಬರಬೇಕಾದ ಓಣಿ ಬರಲಿಲ್ಲ."

ಅಜ್ಜ ಗುಡಿಸಲೊಳಗೆ ಹೋದರು. ಬರುವಾಗ ಕೈಯಲ್ಲಿ ಗಂಟೆ ಇತ್ತು. ಹಿಡಿ ನಲವತ್ತು ವರ್ಷದಲ್ಲಿ ಸವೆದು ಬೆರಳಿನ ಆಕಾರಕ್ಕೆ ಬಂದಿತ್ತು. ಅದನ್ನು ಗವಿಸಿದ್ಧನ ಎರಡೂ ಕೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

"ನಾಳೆ ನಾನೂ ಒಂದು ಸಲ ಬರ್ತೀನಿ, ನಿನ್ನ ಹಿಂದ. ಮೊಣಕಾಲು ನೋಯ್ತಾವ, ಸಾವಕಾಶ ನಡಿ. ಗಂಟಿ ಇನ್ನ ನಿಂದು."